ಮತ್ತೆ ಅಲ್ಲಿಗೇ ಹೋಗೋಣ

ಪುಟ್ಟ ಮಕ್ಕಳಿರುವ ಮನೆಯಲ್ಲಿ ಶುಕ್ರವಾರ ಬಂತೆಂದರೆ ದೊಡ್ಡವರ ತಲೆಯೊಳಗೆ ಒಂದೇ ಲೆಕ್ಕಾಚಾರ: ಈ ಸಲ ಎಲ್ಲಿಗೆ? ಹೋದ ವಾರ ಹೋದಲ್ಲಿಗೇ ಬೇಡ, ಮಕ್ಕಳಿಗೆ ಬೇಜಾರಾದೀತು. ಹೊಸ ಜಾಗ ಆಗಬೇಕು, ನೋಡುವಂಥದ್ದು ಏನಾದರೂ ಇರಬೇಕು, ವಾರವಿಡೀ ಕೊಡಲಾಗದ ಸಮಯವನ್ನೆಲ್ಲ ಒಂದೇ ದಿನದಲ್ಲಿ ತುಂಬಿಕೊಟ್ಟ ಹಾಗಾಗಬೇಕು. ಮಕ್ಕಳನ್ನೇ ಕೇಳಿದರೆ? ನಮ್ಮನೆ ಚಿಕ್ಕವಳದು ಯಾವಾಗಲೂ ಒಂದೇ ಉತ್ತರ: "ಬಾತುಕೋಳಿ ಪಾರ್ಕಿಗೆ."

ಅವಳಿಗೀಗ ನಾಲ್ಕು ವರ್ಷ, ಅವಳ ಅಣ್ಣನಿಗೆ ಏಳು. ಪಾರ್ಕು ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಒಂದು ಕೊಳ, ಕೊಳದಲ್ಲಿ ಬಾತುಕೋಳಿಗಳು, ಸುತ್ತ ಕಾಲುದಾರಿ, ಒಂದು ಜಾರುಬಂಡೆ, ಉಯ್ಯಾಲೆ. ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ಆದರೂ ಹೆಚ್ಚಿನ ವಾರ ನಾವು ಅಲ್ಲಿಗೇ ಹೋಗುತ್ತೇವೆ, ಹಾಗೆ ಹೋಗುವುದೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಪುಟ್ಟ ಮಕ್ಕಳಿಗೆ ಹೊಸ ಜಾಗದ ಹಸಿವು ನಾವಂದುಕೊಂಡಷ್ಟಿಲ್ಲ. ಚೆನ್ನಾಗಿ ಗೊತ್ತಿರುವ ಒಂದು ಜಾಗ ಇರಬೇಕು, ಅಲ್ಲಿ ಅಪ್ಪ ಅಮ್ಮ ಅವಸರವಿಲ್ಲದೆ ಸಿಗಬೇಕು. ಅವರು ಕೇಳುವುದು ಅಷ್ಟೇ.

ಚಿಕ್ಕವಳ ಜೊತೆ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು. ಗೇಟು ದಾಟಿದ ಕೂಡಲೇ ಚರಂಡಿ ಮುಚ್ಚಿದ ಕಬ್ಬಿಣದ ಹಲಗೆಯೊಂದಿದೆ. ಅದರ ಒಂದು ಮೂಲೆ ಸರಿಯಾಗಿ ಕೂತಿಲ್ಲ, ಮೆಟ್ಟಿದರೆ ಡಬ್ ಅನ್ನುತ್ತದೆ. ಅವಳು ಎರಡೂ ಕಾಲು ಜೋಡಿಸಿ ಅದರ ಮೇಲೆ ಹಾರುತ್ತಾಳೆ. ಡಬ್. ಇಳಿದು, ಒಂದೆರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಹಾರುತ್ತಾಳೆ. ಹೋದ ವಾರದ ಸದ್ದೇ ಈ ವಾರವೂ ಬಂತಲ್ಲ ಎಂಬ ಖುಷಿ ಮುಖದ ಮೇಲೆ. ಅಲ್ಲಿಂದ ಮುಂದೆ ಮೊಣಕಾಲೆತ್ತರದ ಗೋಡೆ. ಬಲಗೈ ಬೆರಳು ಗೋಡೆಗೆ ತಾಗಿಸಿಕೊಂಡೇ ನಡೆಯುತ್ತಾಳೆ. ಒಂದು ಕಡೆ ಗಾರೆ ಉದುರಿ ಸಂದಿಯಾಗಿದೆ, ಅದು ಇರುವೆಗಳ ಮನೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿ ನೋಡುತ್ತಾಳೆ. ಒಂದು ದಿನ ಸಾಲು ಕಾಣಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, ಒಳಗಿದ್ದವರಿಗೆ ಕೇಳಿಸಬಾರದೆಂಬಂತೆ, "ಅಮ್ಮಾ, ಇವತ್ತು ಇರುವೆಗೂ ರಜಾನಾ?" ಅಂದಳು. ಕೊಳ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟರಲ್ಲೇ ಅರ್ಧ ಗಂಟೆ ಕಳೆದಿರುತ್ತದೆ.

ನಮಗೆ ಅದು ಪಾರ್ಕಿಗೆ ಹೋಗುವ ದಾರಿ. ಅವಳ ಮಟ್ಟಿಗೆ ಪಾರ್ಕು ಅಲ್ಲೇ ಶುರುವಾಗಿದೆ. ಪುಟ್ಟ ಮಕ್ಕಳ ನಡಿಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿರುವ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕರೆನ್ ಅಡಾಲ್ಫ್ ಮತ್ತು ಅವರ ಜೊತೆಗಾರರು 2012ರಲ್ಲಿ ಒಂದು ಲೆಕ್ಕ ಕೊಟ್ಟರು. 12ರಿಂದ 19 ತಿಂಗಳ ಮಕ್ಕಳು ಆಡಿಕೊಂಡಿದ್ದಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ಇಷ್ಟೆಲ್ಲ ಹೆಜ್ಜೆ ಎಲ್ಲಿಗೆ? ಅದೇ ತಂಡ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಬಹಳ ಇಷ್ಟ. ಆಟದ ಸಾಮಾನು ಇಟ್ಟ ಕೋಣೆಯಲ್ಲಿ ಮಕ್ಕಳು ಎಷ್ಟು ಓಡಾಡುತ್ತಾರೋ, ಏನೂ ಇಲ್ಲದ ಖಾಲಿ ಕೋಣೆಯಲ್ಲೂ ಅಷ್ಟೇ ಓಡಾಡುತ್ತಾರೆ ಎಂದು ಅದರಲ್ಲಿ ಕಂಡುಬಂತು. ತಲುಪಬೇಕಾದ ಗುರಿ ಇರಬೇಕೆಂದೇನಿಲ್ಲ, ಓಡಾಟವೇ ಸಾಕು. ಇದನ್ನು ಓದಿದ ಮೇಲೆ "ಬೇಗ ಬಾ, ಬಾತುಕೋಳಿ ಹೊರಟುಹೋಗತ್ತೆ" ಅನ್ನುವ ಮಾತು ನನ್ನ ಬಾಯಲ್ಲಿ ಕಡಿಮೆಯಾಯಿತು.

ದೂರದ ಪ್ರವಾಸ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಂಧುಗಳನ್ನು ನೋಡಲು ಹೋಗಬೇಕಾಗುತ್ತದೆ, ಸಮುದ್ರವನ್ನೋ ಬೆಟ್ಟವನ್ನೋ ಮಕ್ಕಳು ಕಾಣಬೇಕು. ನನ್ನ ತಕರಾರಿರುವುದು ಒಂದೇ ದಿನದಲ್ಲಿ ಹೋಗಿ ಬಂದುಬಿಡುವ ಉದ್ದದ ಓಟದ ಬಗ್ಗೆ. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು, 10ರಿಂದ 13 ಗಂಟೆ ನಿದ್ದೆ ಬೇಕು, ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸೀಟಿಗೋ ತಳ್ಳುಗಾಡಿಗೋ ಕಟ್ಟಿ ಕೂರಿಸಬಾರದು. ಈಗ ಲೆಕ್ಕ ಹಾಕಿ. ಮಗು ಎಚ್ಚರವಾಗಿರುವುದೇ ಸುಮಾರು ಹನ್ನೆರಡು ಗಂಟೆ. ಹೋಗಲು ಮೂರು, ಬರಲು ಮೂರು ಗಂಟೆ ಕಾರಿನಲ್ಲೇ ಕಳೆದರೆ, ಊಟ-ತಿಂಡಿ ಮುಗಿಸಿ, ಟಿಕೆಟಿಗೆ ಸಾಲಿನಲ್ಲಿ ನಿಂತು, ಉಳಿಯುವುದೆಷ್ಟು? ಮಧ್ಯಾಹ್ನ ಮಲಗುವ ಹೊತ್ತಿಗೆ ಸರಿಯಾಗಿ ನಾವು ಜಾಗ ತಲುಪಿರುತ್ತೇವೆ. ಆಮೇಲೆ ಮಗು ಹಟ ಮಾಡಿತು ಅನ್ನುತ್ತೇವೆ. ಅದು ಹಟವಲ್ಲ, ನಿದ್ದೆ. ಹಾಗಂತ ಓಡುತ್ತಿರುವ ಗಾಡಿಯಲ್ಲಿ ಬೆಲ್ಟು ಬಿಚ್ಚುವುದಂತೂ ಸಲ್ಲದು. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಇಳಿಸಿ, ಹತ್ತು ನಿಮಿಷ ಓಡಲು ಬಿಡಬೇಕು. ಹಾಗೆ ಮಾಡಿದರೆ ದೂರದ ಊರು ಇನ್ನಷ್ಟು ದೂರವಾಗುತ್ತದೆ, ಆ ದೂರವನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು.

ವಾಂತಿಯ ವಿಷಯವೂ ಹೀಗೇ. ನಮ್ಮ ದೊಡ್ಡವನು ಚಿಕ್ಕವನಿದ್ದಾಗ ತಿರುವಿನ ದಾರಿ ಬಂದರೆ ಮುಖ ಬಿಳಿಚಿಕೊಳ್ಳುತ್ತಿದ್ದ. ಒಳಕಿವಿಗೆ ದೇಹ ಚಲಿಸುತ್ತಿದೆ ಎಂದು ಗೊತ್ತಾಗುತ್ತಿರುತ್ತದೆ, ಕಣ್ಣಿಗೆ ಮಾತ್ರ ಎದುರಿನ ಸೀಟಿನ ಬೆನ್ನು ಅಲ್ಲಾಡದೆ ನಿಂತಂತೆ ಕಾಣುತ್ತಿರುತ್ತದೆ. ಈ ಎರಡು ಸುದ್ದಿಯೂ ಒಂದಕ್ಕೊಂದು ಹೊಂದದೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಎರಡರಿಂದ ಹನ್ನೆರಡರ ನಡುವೆ ಜಾಸ್ತಿ. ಸಮಾಧಾನವಾಗಿರಲಿ ಎಂದು ಕೈಗೆ ಮೊಬೈಲು ಕೊಟ್ಟರೆ ಕಣ್ಣು ಇನ್ನೂ ಹತ್ತಿರಕ್ಕೆ ನೆಟ್ಟು ತೊಂದರೆ ಹೆಚ್ಚುತ್ತದೆ. ಎದುರಿನ ರಸ್ತೆ ಕಾಣುವ ಹಾಗೆ ಕೂರಿಸಿ, ದೂರದ ಮರವನ್ನೋ ಗುಡ್ಡವನ್ನೋ ತೋರಿಸಿ ಮಾತಾಡಿಸುತ್ತಿದ್ದರೆ ಎಷ್ಟೋ ವಾಸಿ.

ಪದೇ ಪದೇ ಅದೇ ಜಾಗಕ್ಕೆ ಹೋದರೆ ಮಕ್ಕಳು ಕಲಿಯುವುದೇನು ಎಂದು ಕೇಳುವವರಿದ್ದಾರೆ. ನನ್ನ ಅತ್ತಿಗೆ ಪ್ರೀತಿಯಿಂದಲೇ ಕೇಳಿದ್ದರು, "ಇವರಿಗೆ ಬೇರೆ ಏನೂ ತೋರಿಸಲ್ವೇನಮ್ಮ?" ಆಗ ನನಗೆ ನೆನಪಾದದ್ದು ಕತೆ ಪುಸ್ತಕಗಳ ಬಗ್ಗೆ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ. ಮೂರು ವರ್ಷದ ಮಕ್ಕಳಲ್ಲಿ ಕೆಲವರಿಗೆ ಒಂದೇ ಕತೆಯನ್ನು ಮತ್ತೆ ಮತ್ತೆ ಓದಿದರು, ಉಳಿದವರಿಗೆ ಬೇರೆ ಬೇರೆ ಕತೆ ಓದಿದರು. ಹೊಸ ಪದಗಳು ಕಿವಿಗೆ ಬಿದ್ದದ್ದು ಎಲ್ಲರಿಗೂ ಅಷ್ಟೇ ಸಲ. ಆದರೆ ಆ ಪದಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡವರು ಒಂದೇ ಕತೆ ಕೇಳಿದ ಮಕ್ಕಳು. ಕತೆ ಗೊತ್ತಿದ್ದಾಗ ಮುಂದೇನು ಎಂಬ ಆತಂಕವಿಲ್ಲ, ಗಮನ ಕೊಡಲು ಬಿಡುವಿರುತ್ತದೆ. ಜಾಗಕ್ಕೂ ಈ ಮಾತು ಸಲ್ಲುತ್ತದೆ ಎಂಬುದು ಪ್ರಯೋಗದ ತೀರ್ಮಾನವಲ್ಲ, ನಾನು ಮಕ್ಕಳ ಜೊತೆ ಕಂಡುಕೊಂಡದ್ದು.

ಉದಾಹರಣೆಗೆ ದೊಡ್ಡವನ ಬಾತುಕೋಳಿಗಳು. ಹೋಗಿ ಹೋಗಿ ಅವನಿಗೆ ಅವುಗಳ ಚಲನವಲನ ಬಾಯಿಪಾಠ. ಯಾವುದು ಜಗಳಗಂಟಿ, ಯಾವುದು ದಡಕ್ಕೆ ಬರುವುದಿಲ್ಲ, ಎಲ್ಲ ಗೊತ್ತು. ಒಂದು ದಿನ ಬಂದವನೇ, "ಅಪ್ಪಾ, ಇವು ಹಾರೋದೇ ಬಿಟ್ಟಿವೆ. ನಾಯಿ ಬಂದ್ರೂ ಈಜ್ಕೊಂಡೇ ಹೋಗ್ತಿವೆ," ಅಂದ. ನಮ್ಮಿಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮನೆಗೆ ಬಂದು ಅವನೂ ಅವನಪ್ಪನೂ ಹುಡುಕಿದಾಗ ತಿಳಿಯಿತು: ಬಹುಪಾಲು ಬಾತುಗಳು ಮರಿ ಮಾಡುವ ಕಾಲ ಮುಗಿದ ಮೇಲೆ ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ, ಹೊಸ ಗರಿ ಬರುವ ತನಕ ಕೆಲವು ವಾರ ಹಾರಲಾರವು. ಒಂದೇ ದಿನ ಬಂದು ನೋಡಿಹೋಗುವವರಿಗೆ ಅವು ನೀರಿನಲ್ಲಿರುವ ಬಾತುಕೋಳಿಗಳು, ಅಷ್ಟೇ. ಹಿಂದಿನ ವಾರ ಹಾರುವುದನ್ನು ಕಂಡವನಿಗೆ ಮಾತ್ರ ಈ ವಾರ ಹಾರದಿರುವುದು ಕಾಣುತ್ತದೆ. ಆಮೇಲೆ ಆ ಹುಡುಗ ದಡದಲ್ಲಿ ಬಿದ್ದ ಗರಿಗಳನ್ನು ಉದ್ದದ ಪ್ರಕಾರ ಜೋಡಿಸಿಡುತ್ತಾ ಎಷ್ಟು ಹೊತ್ತು ಕೂತಿದ್ದ! ಯಾವ ಟಿಕೆಟ್ಟಿನ ಆಟವೂ ಅವನನ್ನು ಅಷ್ಟು ಹೊತ್ತು ಹಿಡಿದು ಕೂರಿಸಿದ್ದು ನಾನು ಕಂಡಿಲ್ಲ.

ಏಳು ವರ್ಷಕ್ಕೆ ಅವನಿಗೆ ಬೇರೆ ಜಾಗಗಳ ಆಸೆಯೂ ಹುಟ್ಟಿದೆ, ಅದೂ ನಿಜ. ತಂಗಿಯ ನಿಧಾನ ಅವನಿಗೆ ಕೆಲವೊಮ್ಮೆ ಭಾರ. ಹಾಗಾಗಿ ಆಗೀಗ ನಾವು ಬೇರೆ ಬೇರೆ ಹೊರಡುತ್ತೇವೆ. ಅವನನ್ನು ಕರೆದುಕೊಂಡು ವಸ್ತುಸಂಗ್ರಹಾಲಯಕ್ಕೆ ಹೋದರೆ ನನ್ನದೊಂದು ಪದ್ಧತಿ: ಒಂದೇ ಕೋಣೆ. ಎಲ್ಲ ಕೋಣೆ ಸುತ್ತಿಸಿದರೆ ಕಾಲು ಸೋತು, ಕೊನೆಗೆ ನೆನಪಿನಲ್ಲಿ ಉಳಿಯುವುದು ಮೆಟ್ಟಿಲು ಮಾತ್ರ. ಒಂದು ಅಸ್ಥಿಪಂಜರದ ಎದುರು ನೆಲದ ಮೇಲೆ ಕೂತು, ಅವನು ಬೆನ್ನೆಲುಬಿನ ಮೂಳೆ ಎಣಿಸುತ್ತಾ, ತಪ್ಪಿ, ಮತ್ತೆ ಮೊದಲಿಂದ ಎಣಿಸುವುದನ್ನು ನೋಡುವುದು ನನಗಂತೂ ಬಹಳ ಖುಷಿಯ ಕೆಲಸ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಬ್ಬೊಬ್ಬರ ಜೊತೆ ಒಂಟಿಯಾಗಿ ಕಳೆಯುವ ಹೊತ್ತು ಸಿಗುವುದೇ ಕಷ್ಟ. ನನ್ನ ಕೇಳಿದರೆ, ಕುಟುಂಬವೆಲ್ಲ ಒಟ್ಟಿಗೆ ಹೋಗುವುದರಷ್ಟೇ ಇದೂ ಮುಖ್ಯ.

ಹೊರಡುವ ತಯಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು, ಇನ್ನೊಂದು ಜೊತೆ ಬಟ್ಟೆ, ಒದ್ದೆ ಬಟ್ಟೆ ಹಾಕಲು ಚೀಲ, ಟೋಪಿ. ನಮ್ಮಲ್ಲಿ ಇದು ಮಕ್ಕಳ ಅಪ್ಪನ ಕೆಲಸ, ಹಿಂದಿನ ರಾತ್ರಿಯೇ ಮಾಡಿ ಬಾಗಿಲ ಬಳಿ ಇಟ್ಟಿರುತ್ತಾರೆ. ಯಾರಾದರೊಬ್ಬರು ಇಡೀ ತಯಾರಿಯನ್ನು ತಲೆಯ ಮೇಲೆ ಹೊತ್ತುಕೊಂಡರೆ ಆ ಮನುಷ್ಯನಿಗೆ ಭಾನುವಾರ ರಜಾ ಅಲ್ಲ. ಹತ್ತಿರದ ಜಾಗದ ಇನ್ನೊಂದು ಅನುಕೂಲ ಇದೇ: ಚೀಲ ಹಗುರ, ಬೇಕೆನಿಸಿದಾಗ ವಾಪಸ್ ಬರಬಹುದು, ಚಿಕ್ಕವಳಿಗೆ ನಿದ್ದೆ ಬಂದರೆ ಹೆಗಲ ಮೇಲೆ ಹಾಕಿಕೊಂಡು ಮನೆ ಸೇರಬಹುದು.

ಬಿಸಿಲು, ಬಯಲು ಇವುಗಳ ಬಗ್ಗೆ ಮಾತ್ರ ಒಂದು ಮಾತು ಸೇರಿಸಬೇಕು. ಚೀನಾದ ಗುವಾಂಗ್‌ಝೌ ನಗರದ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ತರಗತಿಯೊಂದನ್ನು ಹೆಚ್ಚಿಗೆ ಕೊಟ್ಟು ಮೂರು ವರ್ಷ ಗಮನಿಸಿದರು. 2015ರಲ್ಲಿ ಫಲಿತಾಂಶ ಬಂತು: ಹೊರಗೆ ಹೆಚ್ಚು ಹೊತ್ತು ಕಳೆದವರಲ್ಲಿ ಶೇ. 30.4 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಉಳಿದವರಲ್ಲಿ ಶೇ. 39.5 ಮಕ್ಕಳಿಗೆ ಬಂದಿತ್ತು. ಮನೆಯೊಳಗಿನ ದೀಪಕ್ಕಿಂತ ಹೊರಗಿನ ಬೆಳಕು ಎಷ್ಟೋ ಪಟ್ಟು ಪ್ರಖರ, ಮೋಡದ ದಿನದಲ್ಲೂ. ಮರದ ನೆರಳಿನಲ್ಲಿ ಆಡಿದರೂ ಆ ಬೆಳಕಿನ ಪಾಲು ಸಿಗುತ್ತದೆ. ಅದಕ್ಕೇ ಶನಿವಾರ-ಭಾನುವಾರವನ್ನೂ ಬೆಳಗಿನಿಂದ ಸಂಜೆವರೆಗೆ ಕ್ಲಾಸುಗಳಿಂದ ತುಂಬಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಆಟವನ್ನೂ ಮಗುವಿನ ಹಕ್ಕೆಂದು ಹೇಳುತ್ತದೆ. ಓದು-ಬರಹಕ್ಕೆ ಇರುವಷ್ಟೇ ಘನತೆ ಅದಕ್ಕೂ ಇದೆ.

ಇಷ್ಟೆಲ್ಲ ಹೋಗಿ ಬಂದದ್ದು ಮಕ್ಕಳಿಗೆ ನೆನಪಿರುತ್ತದೆಯೇ? ಮೊದಲು ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತಿತ್ತು. ಪಶ್ಚಿಮದ ದೇಶಗಳ ಅಧ್ಯಯನಗಳಲ್ಲಿ ದೊಡ್ಡವರ ಮೊತ್ತಮೊದಲ ನೆನಪು ಸರಾಸರಿ ಮೂರು, ಮೂರೂವರೆ ವರ್ಷದ ಆಸುಪಾಸಿನದು. ಅದಕ್ಕಿಂತ ಹಿಂದಿನದು ಅಳಿಸಿಹೋಗಿರುತ್ತದೆ. ಅಳಿಸುವುದು ಯಾವಾಗ ಎಂಬುದನ್ನು ಎಮೊರಿ ವಿಶ್ವವಿದ್ಯಾಲಯದ ಪೆಟ್ರೀಶಿಯಾ ಬಾವರ್ ಹುಡುಕಿದರು. ಮೂರು ವರ್ಷದ ಮಕ್ಕಳು ತಾವು ಕಂಡ ಘಟನೆಗಳ ಬಗ್ಗೆ ತಾಯಂದಿರ ಜೊತೆ ಆಡಿದ ಮಾತುಗಳನ್ನು ದಾಖಲಿಸಿಕೊಂಡು, ಕೆಲವು ವರ್ಷ ಬಿಟ್ಟು ಅವೇ ಘಟನೆಗಳ ಬಗ್ಗೆ ಮತ್ತೆ ಕೇಳಿದರು. ಐದರಿಂದ ಏಳು ವರ್ಷದವರಿಗೆ ಶೇ. 60ಕ್ಕಿಂತ ಹೆಚ್ಚು ಘಟನೆಗಳು ನೆನಪಿದ್ದವು. ಎಂಟು-ಒಂಬತ್ತು ವರ್ಷದವರಲ್ಲಿ ಅದು ಶೇ. 40ಕ್ಕಿಂತ ಕೆಳಗಿಳಿದಿತ್ತು. ಅಂದರೆ ನನ್ನ ಮಗ ಈಗ ಸರಿಯಾಗಿ ಆ ಅಂಚಿನಲ್ಲಿ ನಿಂತಿದ್ದಾನೆ. ಮೂರು ವರ್ಷದವನಿದ್ದಾಗ ಕೊಳದ ಅಂಚಿನ ಕೆಸರಿನಲ್ಲಿ ಒಂದು ಚಪ್ಪಲಿ ಹೂತುಹೋಗಿ, ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಮನೆಗೆ ಬಂದದ್ದನ್ನು ಬಹಳ ಕಾಲ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಮೊನ್ನೆ ನಾನೇ ಎತ್ತಿದರೆ, "ಹೌದಾ? ನಾನಾ?" ಅಂದ. ನನಗೆ ಎದೆ ಸ್ವಲ್ಪ ಹಿಂಡಿದಂತಾಯಿತು.

ಆದರೆ ನೆನಪು ಅನ್ನುವುದನ್ನು ಒಂದೊಂದು ದಿನದ ಲೆಕ್ಕದಲ್ಲೇ ಎಣಿಸಬೇಕಿಲ್ಲ. ಮನಶ್ಶಾಸ್ತ್ರಜ್ಞೆ ಕ್ಯಾಥರೀನ್ ನೆಲ್ಸನ್ ಮುಂದಾಳತ್ವದಲ್ಲಿ 1980ರ ದಶಕದಲ್ಲಿ ನಡೆದ ಒಂದು ಅಧ್ಯಯನ ನನಗೆ ಇಲ್ಲಿ ಧೈರ್ಯ ಕೊಟ್ಟಿತು. ಪುಟ್ಟ ಹುಡುಗಿಯೊಬ್ಬಳು ನಿದ್ದೆಗೆ ಮುಂಚೆ ತೊಟ್ಟಿಲಮಂಚದಲ್ಲಿ ಒಬ್ಬಳೇ ಗುಣುಗುಣು ಮಾತಾಡಿಕೊಳ್ಳುವುದನ್ನು, ಅವಳಿಗೆ 21 ತಿಂಗಳಾದಾಗಿನಿಂದ ಮೂರು ವರ್ಷವಾಗುವ ತನಕ, ಅಪ್ಪ ಅಮ್ಮ ಧ್ವನಿಮುದ್ರಿಸಿಕೊಂಡರು. ಆ ಅವಧಿಯಲ್ಲೇ ಅವಳಿಗೊಬ್ಬ ತಮ್ಮ ಹುಟ್ಟಿದ, ಹಬ್ಬ ಬಂತು. ಅವಳ ಮಾತಿನಲ್ಲಿ ಇಂಥ ದೊಡ್ಡ ಸಂಗತಿಗಳಿಗೆ ಹೆಚ್ಚಿನ ಜಾಗವೇ ಇರಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಎದ್ದ ಮೇಲೆ ಏನು ಮಾಡುತ್ತೇವೆ, ನಾಳೆ ಎಲ್ಲಿಗೆ, ಇಂಥವೇ ತುಂಬಿದ್ದವು. ದಿನವೂ ನಡೆಯುವುದು ಹೇಗೆ ನಡೆಯುತ್ತದೆ ಎಂದು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದೇ ಆ ವಯಸ್ಸಿನ ದೊಡ್ಡ ಕೆಲಸ. ನನ್ನ ಮಗಳೂ ಕಣ್ಣು ಮುಚ್ಚುವ ಮುಂಚೆ ಒಪ್ಪಿಸುವ ಪಾಠ ಅದೇ: "ಫಸ್ಟು ಗೇಟು, ಆಮೇಲೆ ಡಬ್, ಆಮೇಲೆ ಇರುವೆ, ಆಮೇಲೆ ಬಾತು." ನಾವು ಹಣ ತೆತ್ತು, ದೂರ ಹೋಗಿ ತೋರಿಸಿದ ಆನೆ ಆ ಪಟ್ಟಿಯಲ್ಲಿಲ್ಲ.

ಘಟನೆಗಳನ್ನು ಉಳಿಸಿಕೊಳ್ಳಬೇಕೆಂದರೆ ಅದಕ್ಕೆ ದಾರಿ ಮಾತು. ರಾಬಿನ್ ಫೈವುಶ್, ಇಲೇನ್ ರೀಸ್ ಮೊದಲಾದವರು ದಶಕಗಳ ಕಾಲ ನಡೆಸಿದ ಅಧ್ಯಯನಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ನಡೆದುಹೋದದ್ದರ ಬಗ್ಗೆ ಅಪ್ಪ ಅಮ್ಮ ವಿವರವಾಗಿ ಮಾತಾಡಿಸುವ ಮಕ್ಕಳು ತಮ್ಮ ಹಿಂದಿನ ದಿನಗಳನ್ನು ಹೆಚ್ಚು ತುಂಬಾಗಿ ನೆನಪಿಟ್ಟುಕೊಳ್ಳುತ್ತಾರೆ. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಹಿರಿಯರು ಹಿಂದಿನದನ್ನು ಹೇಳುವ ರೂಢಿ ಗಟ್ಟಿಯಾಗಿದೆ. ಅಲ್ಲಿನ ಒಟಾಗೊ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾವೊರಿ ವಯಸ್ಕರ ಮೊದಲ ನೆನಪು ಸರಾಸರಿ ಎರಡೂವರೆ ವರ್ಷ ದಾಟಿದಾಗಿನದು, ಅದೇ ದೇಶದ ಐರೋಪ್ಯ ಮೂಲದವರಿಗಿಂತ ಸುಮಾರು ಹತ್ತು ತಿಂಗಳು ಮುಂಚಿನದು. ಯಾರೋ ಹೇಳುತ್ತಾ ಇದ್ದಾರೆ, ಅದಕ್ಕೆ ಉಳಿದಿದೆ.

ಹಾಗಾಗಿ ಭಾನುವಾರ ರಾತ್ರಿ ಹಾಸಿಗೆಯ ಮೇಲೆ ನಮ್ಮ ಪಾರ್ಕು ಇನ್ನೊಂದು ಸಲ ನಡೆಯುತ್ತದೆ. "ಪಾರ್ಕಿಗೆ ಹೋಗಿದ್ದು ಚೆನ್ನಾಗಿತ್ತಾ?" ಎಂದು ಕೇಳಿದರೆ ಹೂಂ ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಆ ಅಜ್ಜ ಕೋಲು ಎತ್ತಿದಾಗ ಏನಾಯ್ತು?" ಎಂದು ಕೇಳಬೇಕು. ಆಗ ಇಬ್ಬರೂ ಎದ್ದು ಕೂರುತ್ತಾರೆ. ಈ ವಾರದ ಕತೆ ಒಂದು ನಾಯಿಯದು. ಅಜ್ಜನೊಬ್ಬರು ಕೋಲೆಸೆದರು, ನಾಯಿ ನೀರಿಗೆ ಹಾರಿತು, ಬಾತುಗಳೆಲ್ಲ ಗಲಾಟೆ ಎಬ್ಬಿಸಿ ಆಚೆ ದಡಕ್ಕೆ ಹೋದವು, ನಾಯಿ ಕೋಲು ಬಿಟ್ಟು ಬೇರೇನನ್ನೋ ಕಚ್ಚಿಕೊಂಡು ಬಂತು. ಇಲ್ಲಿಯವರೆಗೆ ಅಣ್ಣ-ತಂಗಿ ಒಪ್ಪುತ್ತಾರೆ. ಆಮೇಲೆ ಜಗಳ.

"ಕಪ್ಪು ನಾಯಿ."

"ಇಲ್ಲ, ಕಂದು. ಅಮ್ಮಾ, ಅಲ್ವಾ?"

"ಒದ್ದೆಯಾದಾಗ ಕಪ್ಪಾಯ್ತು ಕಣೇ."

"ಫಸ್ಟಿಂದ್ಲೂ ಕಂದೇ ಇತ್ತು!"

ನಾನು ಕಂದೆಂದೇ ಕಂಡೆ, ಆದರೆ ಬಾಯಿ ಬಿಡಲಿಲ್ಲ. ನಾಯಿಯ ಬಾಯಲ್ಲಿ ಏನಿತ್ತು ಎಂಬುದರ ಬಗ್ಗೆಯೂ ಎರಡು ಪಕ್ಷ: ಅವನ ಪ್ರಕಾರ ಹಳೇ ಚೆಂಡು, ಇವಳ ಪ್ರಕಾರ ಚಪ್ಪಲಿ. ಅಣ್ಣನದೇ ಚಪ್ಪಲಿ ಎಂದು ಅವಳು ಹಟ ಹಿಡಿದಿದ್ದಾಳೆ. ಆ ಕೆಸರಿನ ಕತೆಯನ್ನು ಮೊನ್ನೆ ಕೇಳಿಸಿಕೊಂಡವಳು ಅವಳೂ ಹೌದಲ್ಲ. ಅಜ್ಜ ಮುಂದಿನ ಭಾನುವಾರವೂ ಬರುತ್ತಾರಂತೆ, ದೊಡ್ಡವನು ಆಗಲೇ ವಿಚಾರಿಸಿಕೊಂಡು ಬಂದಿದ್ದಾನೆ.